ಮನೆಯ ಸ್ಟೋರೇಜ್ ಸರ್ವರ್: ನೆಟ್‌ವರ್ಕ್ ಮತ್ತು ಪ್ಯಾಕೇಜ್ ತೊಡಕುಗಳನ್ನು ಬುಡದಿಂದ ಬಿಡಿಸುವ ಕ್ರಮ

ಹಳೆಯ ಡೆಸ್ಕ್‌ಟಾಪ್‌ಗೆ ಒಂದೆರಡು ಹಾರ್ಡ್ ಡಿಸ್ಕ್ ಜೋಡಿಸಿ, ಮನೆಮಂದಿಯ ಫೋಟೊ, ಮದುವೆಯ ವಿಡಿಯೊ, ಜಮೀನಿನ ಪಹಣಿಯ ಸ್ಕ್ಯಾನ್ ಪ್ರತಿ ಎಲ್ಲವನ್ನೂ ಒಂದೇ ಕಡೆ ಇಡಲು ಹೊರಟವರು ಆಯ್ದುಕೊಳ್ಳುವ ಉಚಿತ ತಂತ್ರಾಂಶಗಳಲ್ಲಿ ಓಪನ್‌ಮೀಡಿಯಾವಾಲ್ಟ್ ಒಂದು. ಅದು ಡೆಬಿಯನ್ ಲಿನಕ್ಸ್‌ನ ಮೇಲೆ ನಿಂತಿದೆ. ಅದರ 6ನೇ ಆವೃತ್ತಿಗೆ ಡೆಬಿಯನ್ 11 (ಬುಲ್ಸ್‌ಐ) ಆಧಾರ, 7ನೇ ಆವೃತ್ತಿಗೆ ಡೆಬಿಯನ್ 12 (ಬುಕ್‌ವರ್ಮ್) ಆಧಾರ. ಇನ್‌ಸ್ಟಾಲ್ ಮಾಡುವ ದಿನ ಪರದೆಯ ಮೇಲೆ ಬರುವ ದೂರು ಸಾಮಾನ್ಯವಾಗಿ ‘ಪ್ಯಾಕೇಜ್ (ಇಳಿಸಿಕೊಳ್ಳುವ ತಂತ್ರಾಂಶದ ಕಟ್ಟು) ಸಿಗಲಿಲ್ಲ’ ಎಂದೇ ಇರುತ್ತದೆ. ಆದರೆ ನಾನು ಕಂಡ ಮಟ್ಟಿಗೆ, ಹೀಗೆ ದೂರು ಬಂದ ಯಂತ್ರಗಳಲ್ಲಿ ಪ್ಯಾಕೇಜಿನದೇ ತಪ್ಪಾಗಿದ್ದದ್ದು ಕಡಿಮೆ. ಕೇಬಲ್, ವಿಳಾಸ, ಹೆಸರು ಹುಡುಕುವ ವ್ಯವಸ್ಥೆ, ಗಡಿಯಾರ ಇವುಗಳಲ್ಲಿ ಒಂದು ಕೈಕೊಟ್ಟಿರುತ್ತದೆ. ಆದ್ದರಿಂದ ಇಲ್ಲಿ ಕೊಟ್ಟಿರುವ ಪರಿಶೀಲನೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಒಂದು ಮೆಟ್ಟಿಲು ಸರಿಯಿದೆಯೆಂದು ಖಚಿತವಾಗುವವರೆಗೆ ಮುಂದಿನದಕ್ಕೆ ಕಾಲಿಡಬಾರದು.

ಆದೇಶಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ; ಬೇರೆ ಹೇಳದಿದ್ದರೆ, ಸರ್ವರಿನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಎಲ್ಲ ಆದೇಶಗಳೂ ರೂಟ್ ಬಳಕೆದಾರನ, ಅಂದರೆ ಯಂತ್ರದ ಮೇಲೆ ಪೂರ್ಣ ಹಿಡಿತವಿರುವವನ, ಅಧಿಕಾರವನ್ನು ಬೇಡುತ್ತವೆ ಎಂದು ಭಾವಿಸಿಕೊಳ್ಳಿ.

ಆರಂಭಿಸುವ ಮೊದಲು

ಸರ್ವರಿಗೆ ಕೀಬೋರ್ಡ್ ಮತ್ತು ಮಾನಿಟರ್ ಜೋಡಿಸಿಕೊಳ್ಳಿ. ನೆಟ್‌ವರ್ಕೇ ಕೆಟ್ಟಿರುವಾಗ ಇನ್ನೊಂದು ಕಂಪ್ಯೂಟರಿನಿಂದ ಅದನ್ನು ಸರಿಪಡಿಸಲು ಹೋಗುವುದು ಬಾವಿಗೆ ಬಿದ್ದ ಹಗ್ಗವನ್ನು ಅದೇ ಹಗ್ಗದಿಂದ ಎತ್ತಲು ಹೊರಟಂತೆ. ದತ್ತಾಂಶವಿರುವ ಡಿಸ್ಕ್‌ಗಳ ಕೇಬಲ್ ಬಿಚ್ಚಿಡಿ, ಏಕೆಂದರೆ ಓಪನ್‌ಮೀಡಿಯಾವಾಲ್ಟ್‌ನ ಇನ್‌ಸ್ಟಾಲರ್ ತನಗೆ ಕೊಟ್ಟ ಡಿಸ್ಕನ್ನು ಇಡಿಯಾಗಿ ಅಳಿಸಿ ಬಳಸಿಕೊಳ್ಳುತ್ತದೆ, ಮತ್ತು ಅರ್ಧರಾತ್ರಿಯಲ್ಲಿ ತಪ್ಪು ಡಿಸ್ಕಿನ ಹೆಸರನ್ನು ಒತ್ತುವುದು ಬಹಳ ಸುಲಭ. ಡೌನ್‌ಲೋಡ್ ಮಾಡಿದ ಐಎಸ್ಒ ಕಡತದ (ಇನ್‌ಸ್ಟಾಲರ್ ಇರುವ ಕಡತ) ಶಾ256 ಮೊತ್ತವನ್ನು, ಅಂದರೆ ಕಡತ ಕೆಡದೆ ಇಳಿದಿದೆಯೇ ಎಂದು ತಿಳಿಸುವ ಗುರುತನ್ನು, ಪ್ರಕಟಿತ ಮೊತ್ತದೊಡನೆ ಹೋಲಿಸಿ ನೋಡಿ. ಅರ್ಧಂಬರ್ಧ ಇಳಿದ ಕಡತವನ್ನು ಅಥವಾ ಸವೆದ ಪೆನ್‌ಡ್ರೈವನ್ನು ಬಳಸಿದರೆ, ಮೂಲ ವ್ಯವಸ್ಥೆಯನ್ನು ನಕಲಿಸುವ ಹಂತದಲ್ಲೇ ಇನ್‌ಸ್ಟಾಲರ್ ನಿಂತುಬಿಡುತ್ತದೆ; ಆಗ ಮುಂದೆ ಹೇಳುವ ಯಾವ ಉಪಾಯವೂ ಫಲಿಸದು. ವೈಫೈ ಆಸೆಯನ್ನೂ ಇವತ್ತಿನ ಮಟ್ಟಿಗೆ ಬಿಟ್ಟು, ರೂಟರಿಗೆ ನೇರವಾಗಿ ಕೇಬಲ್ ಎಳೆಯಿರಿ.

ಕೇಬಲ್ ಮತ್ತು ನೆಟ್‌ವರ್ಕ್ ಕಾರ್ಡ್

ಕಂಪ್ಯೂಟರಿನ ಹಿಂಬದಿಯ ನೆಟ್‌ವರ್ಕ್ ಪೋರ್ಟಿನಲ್ಲಿ ದೀಪ ಉರಿಯುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಉರಿಯದಿದ್ದರೆ ಕೇಬಲ್ ಬದಲಿಸಿ, ರೂಟರಿನ ಇನ್ನೊಂದು ಪೋರ್ಟಿಗೆ ಹಾಕಿ ನೋಡಿ. ದೀಪ ಉರಿದರೆ “ಐಪಿ ಎ” ಎಂಬ ಆದೇಶ ಕೊಡಿ. ಪಟ್ಟಿಯಲ್ಲಿ “ಎಲ್ಒ” ಎಂಬ ಹೆಸರಿನದು ಯಂತ್ರವು ತನ್ನೊಡನೆ ತಾನೇ ಮಾತಾಡಿಕೊಳ್ಳುವ ಒಳದಾರಿ; ಅದನ್ನು ಬಿಟ್ಟು “ಇಎನ್‌ಪಿ2ಎಸ್0” ಮಾದರಿಯ ಇನ್ನೊಂದು ಹೆಸರು ಕಾಣಬೇಕು. ಅದರ ಸಾಲಿನಲ್ಲಿ “ನೋ-ಕ್ಯಾರಿಯರ್” ಎಂದಿದ್ದರೆ ಕೇಬಲ್ ಇನ್ನೂ ತಲುಪಿಲ್ಲ. ಆ ಹೆಸರೇ ಪಟ್ಟಿಯಲ್ಲಿ ಇಲ್ಲವೆಂದರೆ ಕಾರ್ಡನ್ನು ಲಿನಕ್ಸ್ ಗುರುತಿಸಿಲ್ಲ.

ಗುರುತಿಸದಿರಲು ಅಥವಾ ಗುರುತಿಸಿಯೂ ಸರಿಯಾಗಿ ನಡೆಸಲಾಗದಿರಲು ಕಾರಣ ಕೆಲವೊಮ್ಮೆ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಕೊರತೆ. ಮನೆಬಳಕೆಯ ಮದರ್‌ಬೋರ್ಡುಗಳಲ್ಲಿ ರಿಯಲ್‌ಟೆಕ್ ಕಾರ್ಡುಗಳು ಸಾಮಾನ್ಯ. ಅವುಗಳ ಫರ್ಮ್‌ವೇರ್ “ಫರ್ಮ್‌ವೇರ್-ರಿಯಲ್‌ಟೆಕ್” ಎಂಬ ಪ್ಯಾಕೇಜಿನಲ್ಲಿ ಬರುತ್ತದೆ. ಡೆಬಿಯನ್ 11ರವರೆಗೆ ಇದು ಡೆಬಿಯನ್‌ನ ಪ್ಯಾಕೇಜ್ ಭಂಡಾರದ “ನಾನ್-ಫ್ರೀ” ವಿಭಾಗದಲ್ಲಿತ್ತು. 2023ರ ಜೂನ್ 10ರಂದು ಬಿಡುಗಡೆಯಾದ ಡೆಬಿಯನ್ 12ರಿಂದ “ನಾನ್-ಫ್ರೀ-ಫರ್ಮ್‌ವೇರ್” ಎಂಬ ಪ್ರತ್ಯೇಕ ವಿಭಾಗ ಹುಟ್ಟಿಕೊಂಡಿತು. ಹಳೆಯ ಸೂಚನೆಗಳನ್ನು ಅನುಸರಿಸಿ “ನಾನ್-ಫ್ರೀ” ಎಂದಷ್ಟೇ ಸೇರಿಸಿದವರಿಗೆ ಪ್ಯಾಕೇಜ್ ಸಿಗದೆ ಹೋಗುವುದು ಇದೇ ಕಾರಣಕ್ಕೆ.

ನೆಟ್‌ವರ್ಕ್ ಇಲ್ಲದೆ ಫರ್ಮ್‌ವೇರ್ ಇಲ್ಲ, ಫರ್ಮ್‌ವೇರ್ ಇಲ್ಲದೆ ನೆಟ್‌ವರ್ಕ್ ಇಲ್ಲ ಎಂಬ ಸುಳಿಗೆ ಸಿಕ್ಕಿಕೊಂಡರೆ ಆಂಡ್ರಾಯ್ಡ್ ಫೋನ್ ನೆರವಿಗೆ ಬರುತ್ತದೆ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸರ್ವರಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ, ಲಿನಕ್ಸ್ ಅದನ್ನೇ ಒಂದು ನೆಟ್‌ವರ್ಕ್ ಕಾರ್ಡ್ ಎಂದು ಕಾಣುತ್ತದೆ. ಫರ್ಮ್‌ವೇರ್ ಇಳಿಸಿಕೊಳ್ಳುವಷ್ಟು ಹೊತ್ತಿಗೆ ಅದು ಸಾಕು.

ಇನ್ನೊಂದು ಮರೆಮೋಸವಿದೆ. ಎಲ್ಲ ಸರಿಯಾಗಿ ನಡೆಯುತ್ತಿದ್ದ ಯಂತ್ರಕ್ಕೆ ಡಿಸ್ಕ್ ಜೋಡಿಸುವ ಹೊಸ ಸಾಟಾ ಕಾರ್ಡ್ ಅಥವಾ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದ ಕೂಡಲೇ ನೆಟ್‌ವರ್ಕ್ ಮಾಯವಾಗಬಹುದು. ಕಾರ್ಡಿನ ಹೆಸರಿನಲ್ಲಿರುವ ಸಂಖ್ಯೆ ಅದು ಕುಳಿತಿರುವ ಸ್ಥಾನವನ್ನು ಸೂಚಿಸುವುದರಿಂದ, ಹೊಸ ಕಾರ್ಡ್ ಬಂದಾಗ “ಇಎನ್‌ಪಿ2ಎಸ್0” ಇದ್ದದ್ದು “ಇಎನ್‌ಪಿ3ಎಸ್0” ಆಗಿಬಿಡುತ್ತದೆ. ವ್ಯವಸ್ಥೆಯಾದರೋ ಹಳೆಯ ಹೆಸರನ್ನೇ ಕಾಯುತ್ತ ಕುಳಿತಿರುತ್ತದೆ. ಇದಕ್ಕೆ ಮದ್ದು ಓಪನ್‌ಮೀಡಿಯಾವಾಲ್ಟ್‌ನ ಜೊತೆಗೇ ಬರುವ “ಒಎಂವಿ-ಫಸ್ಟ್‌ಏಡ್” ಎಂಬ ಉಪಕರಣ. ಕನ್ಸೋಲಿನಲ್ಲಿ, ಅಂದರೆ ಸರ್ವರಿಗೇ ಜೋಡಿಸಿದ ಕೀಬೋರ್ಡ್ ಮತ್ತು ಮಾನಿಟರಿನಲ್ಲಿ, ಇದನ್ನು ಓಡಿಸಿ, ನೆಟ್‌ವರ್ಕ್ ಇಂಟರ್‌ಫೇಸ್ ಹೊಂದಿಸುವ ಆಯ್ಕೆಯನ್ನು ಒತ್ತಿ, ಈಗಿರುವ ಹೆಸರನ್ನು ಆರಿಸಿದರೆ ಸಂರಚನೆ ಹೊಸದಾಗಿ ಬರೆಯಲ್ಪಡುತ್ತದೆ.

ಕೇಬಲ್ ಕೆಲಸ ಮಾಡುತ್ತಿದೆ, ಆದರೆ ನಿಧಾನ ಎಂಬ ದೂರಿಗೆ ಒಂದೇ ಮಾತು. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ಎಂಟೂ ತಂತಿಗಳು ಬೇಕು. ಒಂದು ಜೋಡಿ ಕಡಿದರೂ ವೇಗ 100 ಮೆಗಾಬಿಟ್‌ಗೆ, ಅಂದರೆ ಸೆಕೆಂಡಿಗೆ ಸುಮಾರು 11 ಮೆಗಾಬೈಟ್‌ಗೆ, ಇಳಿದುಬಿಡುತ್ತದೆ.

ಮೂರು ಪಿಂಗ್‌ಗಳು

ಕೇಬಲ್ ಸರಿಯಿದೆ ಎಂದಾದ ಮೇಲೆ “ಐಪಿ ಎ” ತೋರಿಸುವ ವಿಳಾಸವನ್ನು ನೋಡಿ. ವಿಳಾಸವೇ ಇಲ್ಲದಿದ್ದರೆ, ಅಥವಾ ಅದು 169.254 ಎಂದು ಆರಂಭವಾಗಿದ್ದರೆ, ರೂಟರಿನಿಂದ ವಿಳಾಸ ಬಂದಿಲ್ಲವೆಂದೇ ಅರ್ಥ. ರೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ, ಅದರಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿಯೇ ವಿಳಾಸ ಹಂಚುವ ವ್ಯವಸ್ಥೆ) ಚಾಲೂ ಇದೆಯೇ ನೋಡಿ. ವಿಳಾಸ ಬಂದಿದ್ದರೆ “ಐಪಿ ಆರ್” ಎಂಬ ಆದೇಶದ ಉತ್ತರದಲ್ಲಿ “ಡೀಫಾಲ್ಟ್ ವಯಾ” ಎಂಬುದರ ಮುಂದೆ ರೂಟರಿನ ವಿಳಾಸ ಕಾಣುತ್ತದೆ. ಅದನ್ನು ಬರೆದುಕೊಂಡು, ಆಚೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ “ಪಿಂಗ್” ಆದೇಶವನ್ನು ಮೂರು ಬಾರಿ ಕೊಡಿ: ಮೊದಲು ಆ ರೂಟರಿಗೆ, ಆಮೇಲೆ 1.1.1.1ಕ್ಕೆ, ಕೊನೆಗೆ “ಡೆಬ್.ಡೆಬಿಯನ್.ಆರ್ಗ್” ಎಂಬ ಹೆಸರಿಗೆ. ಈ ಮೂರರಲ್ಲಿ ಯಾವುದು ಮೊದಲು ಸೋಲುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇದೆ.

ಮೊದಲನೆಯದೇ ಸೋತರೆ ವಿಳಾಸವೋ ನೆಟ್‌ಮಾಸ್ಕೋ (ಮನೆಯ ನೆಟ್‌ವರ್ಕಿನ ಎಲ್ಲೆ ಹೇಳುವ ಸಂಖ್ಯೆ) ತಪ್ಪಿದೆ. ಕೈಯಾರೆ ಸ್ಥಿರ ವಿಳಾಸ ಕೊಟ್ಟವರಲ್ಲಿ ಇದು ಹೆಚ್ಚು. ಎಲ್ಲರ ಮನೆಯ ರೂಟರೂ 192.168.1.1ರಲ್ಲಿ ಇರುತ್ತದೆ ಎಂದು ನಂಬಬೇಡಿ. ನಮ್ಮಲ್ಲಿ ಬಳಕೆಯಲ್ಲಿರುವ ಕೆಲವು ಫೈಬರ್ ಸಂಪರ್ಕಗಳ ರೂಟರ್ 192.168.29.1ರಲ್ಲಿ ಕುಳಿತಿರುತ್ತದೆ. ಯಾವುದೋ ವಿಡಿಯೊ ನೋಡಿ ಸರ್ವರಿಗೆ 192.168.1.50 ಎಂದು ಕೊಟ್ಟರೆ, ಅದು ಬೇರೆ ಬೀದಿಯ ಮನೆ ನಂಬರ್ ಹಾಕಿಕೊಂಡು ಈ ಬೀದಿಯಲ್ಲಿ ಟಪಾಲಿಗೆ ಕಾದಂತಾಗುತ್ತದೆ. ಸಂಪರ್ಕ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಅದೇ ವಿಳಾಸವನ್ನು ಟಿವಿಯೋ ಫೋನೋ ಪಡೆದುಕೊಂಡಿರಬಹುದು. ನನ್ನ ಸಲಹೆಯೆಂದರೆ, ಸರ್ವರಿನಲ್ಲಿ ಡಿಎಚ್‌ಸಿಪಿಯನ್ನೇ ಇಟ್ಟುಕೊಂಡು, ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಆ ಯಂತ್ರದ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಸ್ವಂತ ಗುರುತಿಗೆ) ಒಂದು ಐಪಿಯನ್ನು ಕಾಯ್ದಿರಿಸುವುದು. ತಪ್ಪು ಬರೆಯಲು ಅಲ್ಲಿ ಜಾಗವೇ ಕಡಿಮೆ.

ಎರಡನೆಯ ಪಿಂಗ್ ಸೋತರೆ ಗೇಟ್‌ವೇ (ಹೊರಗಿನ ಇಂಟರ್ನೆಟ್ಟಿಗೆ ದಾರಿಯಾದ ರೂಟರಿನ) ವಿಳಾಸ ತಪ್ಪಿದೆ, ಇಲ್ಲವೇ ಮನೆಯ ಇಂಟರ್ನೆಟ್ಟೇ ನಿಂತಿದೆ. ಫೋನಿನಲ್ಲಿ ಮೊಬೈಲ್ ಡೇಟಾ ಆರಿಸಿ ವೈಫೈಯಲ್ಲಿ ಒಂದು ಪುಟ ತೆರೆದರೆ ಗೊತ್ತಾಗುತ್ತದೆ. ಎರಡು ನೆಟ್‌ವರ್ಕ್ ಪೋರ್ಟ್ ಇರುವ ಯಂತ್ರದಲ್ಲಿ ಎರಡಕ್ಕೂ ಗೇಟ್‌ವೇ ಕೊಟ್ಟಿದ್ದರೆ ಒಂದನ್ನು ತೆಗೆದುಹಾಕಿ.

ಎರಡು ಗೆದ್ದು ಮೂರನೆಯದು ಮಾತ್ರ ಸೋತರೆ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್ಎಸ್ ಕೆಟ್ಟಿದೆ. ಇದೇ ಸ್ಥಿತಿಯಲ್ಲಿ, ಪ್ಯಾಕೇಜ್ ಇಳಿಸಿ ಜೋಡಿಸುವ ಆಪ್ಟ್ ಆದೇಶ “ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್” ಎಂದು ದೂರುತ್ತದೆ. ‘ಟೆಂಪರರಿ’ ಎಂಬ ಪದವನ್ನು ನಂಬಿ ಒಂದು ತಾಸು ಕಾದವರನ್ನು ನಾನು ಬಲ್ಲೆ. ಕಾದರೆ ಸರಿಹೋಗುವ ದೋಷ ಇದಲ್ಲ. ಸ್ಥಿರ ವಿಳಾಸ ಕೊಡುವಾಗ ಐಪಿ, ಮಾಸ್ಕ್, ಗೇಟ್‌ವೇ ತುಂಬಿ ಡಿಎನ್ಎಸ್ ಜಾಗವನ್ನು ಖಾಲಿ ಬಿಟ್ಟಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಹಲವರು “/ಇಟಿಸಿ/ರಿಸಾಲ್ವ್.ಕಾನ್ಫ್” ಕಡತದಲ್ಲಿ ಕೈಯಾರೆ ಒಂದು ಸಾಲು ಸೇರಿಸಿ ಗೆದ್ದೆವೆಂದುಕೊಳ್ಳುತ್ತಾರೆ, ಆದರೆ ಓಪನ್‌ಮೀಡಿಯಾವಾಲ್ಟ್‌ನಲ್ಲಿ ಆ ಕಡತವನ್ನು ಸಿಸ್ಟಂಡಿ-ರಿಸಾಲ್ವ್ಡ್ ಎಂಬ ಸೇವೆ ನೋಡಿಕೊಳ್ಳುವುದರಿಂದ, ಮುಂದಿನ ಸಲ ಯಂತ್ರ ಏಳುವಾಗ ಬರೆದದ್ದು ಅಳಿದುಹೋಗಿರುತ್ತದೆ. ಒಎಂವಿ-ಫಸ್ಟ್‌ಏಡ್‌ನಲ್ಲಿ ಇಂಟರ್‌ಫೇಸನ್ನು ಮತ್ತೆ ಹೊಂದಿಸಿ, ಡಿಎನ್ಎಸ್ ಕೇಳಿದಾಗ ರೂಟರಿನ ವಿಳಾಸವನ್ನೋ 1.1.1.1 ಅಥವಾ 8.8.8.8 ಎಂದೋ ಕೊಡಿ.

ಮೂರೂ ಗೆದ್ದರೂ ಡೌನ್‌ಲೋಡ್ ನಡುವೆ ನಿಲ್ಲುತ್ತಿದ್ದರೆ ಎರಡು ಅನುಮಾನಗಳನ್ನು ಪರೀಕ್ಷಿಸಬೇಕು. ದೋಷದ ಸಾಲಿನಲ್ಲಿ ಅಂಕಿಗಳ ನಡುವೆ ಚುಕ್ಕಿಯ ಬದಲು ವಿವರಣ ಚಿಹ್ನೆಗಳಿರುವ (:) ಉದ್ದನೆಯ ವಿಳಾಸ ಕಂಡರೆ, ಯಂತ್ರ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯ ದಾರಿಯಲ್ಲಿ ಹೋಗಲು ಯತ್ನಿಸಿ ಸೋಲುತ್ತಿದೆ; “ಆಪ್ಟ್ -ಒ ಅಕ್ವೈರ್::ಫೋರ್ಸ್‌ಐಪಿವಿ4=ಟ್ರೂ ಅಪ್‌ಡೇಟ್” ಎಂದು ಕೊಟ್ಟು ಹಳೆಯ ದಾರಿಗೇ ಒತ್ತಾಯಿಸಿ. ಎರಡನೆಯದು ಪಿಪಿಪಿಒಇ ಸಂಪರ್ಕದಲ್ಲಿ (ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ರೂಟರ್ ಜೋಡಿಸಿಕೊಳ್ಳುವ ಬಗೆ) ಬರುವ ದತ್ತಾಂಶದ ಪೊಟ್ಟಣದ ಅಳತೆಯ ತೊಡಕು. ಅಲ್ಲಿ ಒಂದು ಪೊಟ್ಟಣದ ಮಿತಿ 1500ರ ಬದಲು 1492 ಬೈಟ್. “ಪಿಂಗ್ -ಎಂ ಡು -ಎಸ್ 1464 1.1.1.1” ಎಂಬ ಆದೇಶದಲ್ಲಿ ಎಂ ಮಾತ್ರ ದೊಡ್ಡಕ್ಷರ, 1464ಕ್ಕೆ ಶಿರೋಲೇಖದ 28 ಸೇರಿ 1492 ಆಗುತ್ತದೆ. ಇದೂ ಹೋಗದೆ ಸಣ್ಣ ಸಂಖ್ಯೆಗಳು ಮಾತ್ರ ಹೋದರೆ, ಇಂಟರ್‌ಫೇಸಿನ ಎಂಟಿಯು (ಪೊಟ್ಟಣದ ಗರಿಷ್ಠ ಅಳತೆ) ಬೆಲೆಯನ್ನು ಇಳಿಸಿ ನೋಡಬಹುದು.

ಪಿಜಿ, ಹಾಸ್ಟೆಲ್‌ಗಳಲ್ಲಿ ಇರುವವರಿಗೆ ಒಂದು ಪ್ರತ್ಯೇಕ ಮಾತು. ಬ್ರೌಸರಿನಲ್ಲಿ ಲಾಗಿನ್ ಪುಟ ತುಂಬಿದ ಮೇಲೆಯೇ ಇಂಟರ್ನೆಟ್ ಬಿಡುವ ಸಂಪರ್ಕದಲ್ಲಿ, ಬ್ರೌಸರ್ ಇಲ್ಲದ ಸರ್ವರ್ ಪ್ಯಾಕೇಜ್ ಪಟ್ಟಿ ಕೇಳಿದಾಗ ಅದಕ್ಕೆ ಆ ಲಾಗಿನ್ ಪುಟವೇ ಸಿಗುತ್ತದೆ. ಆಗ ಬರುವ ಸೂಚನೆಯಲ್ಲಿ “ನೋಸ್ಪ್ಲಿಟ್” ಎಂಬ ವಿಚಿತ್ರ ಪದವೂ, ನೆಟ್‌ವರ್ಕಿಗೆ ಲಾಗಿನ್ ಬೇಕೇ ಎಂಬ ಪ್ರಶ್ನೆಯೂ ಇರುತ್ತವೆ. ಪ್ಯಾಕೇಜ್ ಪಟ್ಟಿಯ ಸಹಿ ಪರೀಕ್ಷಿಸುವ ಕೀಲಿ ಕೆಟ್ಟಿದೆಯೆಂದು ಗಾಬರಿಯಾಗದೆ, ಇನ್‌ಸ್ಟಾಲ್ ಮುಗಿಯುವವರೆಗೆ ಫೋನಿನ ಟೆದರಿಂಗ್ ಬಳಸಿ.

ಗಡಿಯಾರ

ನಾನು ಒಮ್ಮೆ ಕಚೇರಿಯೊಂದು ಹರಾಜಿಗಿಟ್ಟ ಡೆಸ್ಕ್‌ಟಾಪಿನಲ್ಲಿ ಮೂರು ಬಾರಿ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಮೂರು ಬಾರಿಯೂ ಅದೇ ದೋಷ ಕಂಡು, ಕೊನೆಗೆ ಸುಮ್ಮನೆ “ಡೇಟ್” ಎಂದು ಒತ್ತಿದಾಗ ಯಂತ್ರ ಇನ್ನೂ 2009ರಲ್ಲೇ ಇತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಕುಳಿತಿರುವ ಸಿಆರ್2032 ಬ್ಯಾಟರಿ ಸತ್ತರೆ, ವಿದ್ಯುತ್ ಕಿತ್ತ ಪ್ರತಿ ಸಲವೂ ತಾರೀಖು ಹಿಂದಕ್ಕೆ ಹೋಗುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ 4ನೇ ಮಾದರಿ ಮತ್ತು ಅದಕ್ಕಿಂತ ಹಳೆಯವುಗಳಲ್ಲಂತೂ ಇಂಥ ಗಡಿಯಾರವೇ ಇಲ್ಲ. ರೆಪಾಸಿಟರಿಯ (ಪ್ಯಾಕೇಜ್ ಭಂಡಾರದ) ಪಟ್ಟಿಗೆ ಸಹಿ ಹಾಕಿದ ಸಮಯ ಯಂತ್ರದ ಪಾಲಿಗೆ ಇನ್ನೂ ಬಂದಿರದ ಭವಿಷ್ಯವಾದ್ದರಿಂದ, ಆಪ್ಟ್ “ನಾಟ್ ವ್ಯಾಲಿಡ್ ಯೆಟ್” ಎಂದು ಹೇಳಿ ಅದನ್ನು ತಿರಸ್ಕರಿಸುತ್ತದೆ. ಎಚ್‌ಟಿಟಿಪಿಎಸ್ ಪ್ರಮಾಣಪತ್ರಗಳೂ ಇದೇ ಕಾರಣಕ್ಕೆ ಸೋಲುತ್ತವೆ.

ಸಾಮಾನ್ಯವಾಗಿ ಯಂತ್ರವೇ ಇಂಟರ್ನೆಟ್ಟಿನಿಂದ ಸಮಯ ಪಡೆದುಕೊಳ್ಳುತ್ತದೆ, ಆದರೆ ಅದಕ್ಕೂ ಡಿಎನ್ಎಸ್ ಬೇಕು. ಆದ್ದರಿಂದಲೇ ಗಡಿಯಾರವನ್ನು ಪಿಂಗ್‌ಗಳ ನಂತರ ಇಟ್ಟಿದ್ದೇನೆ. ಕೈಯಾರೆ ಸರಿಪಡಿಸಲು “ಡೇಟ್ -ಎಸ್” ಎಂದು ಬರೆದು, ಉದ್ಧರಣ ಚಿಹ್ನೆಗಳೊಳಗೆ ವರ್ಷ-ತಿಂಗಳು-ದಿನ ಮತ್ತು ಗಂಟೆ:ನಿಮಿಷ ಕೊಟ್ಟು, ಆಮೇಲೆ “ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು” ಎಂದು ಕೊಟ್ಟರೆ ಅದು ಯಂತ್ರದ ಗಡಿಯಾರಕ್ಕೂ ಬರೆಯಲ್ಪಡುತ್ತದೆ. ಸಮಯ ಸರಿಯಾಗಿ ಐದೂವರೆ ಗಂಟೆ ಮುಂದಿದ್ದರೆ ಬ್ಯಾಟರಿಯ ತಪ್ಪಿಲ್ಲ. ಆ ಯಂತ್ರದಲ್ಲಿ ಮುಂಚೆ ವಿಂಡೋಸ್ ಇತ್ತು. ವಿಂಡೋಸ್ ಭಾರತೀಯ ಸಮಯವನ್ನೇ ಗಡಿಯಾರಕ್ಕೆ ಬರೆಯುತ್ತದೆ, ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ಓದುತ್ತದೆ.

ಈಗ ಪ್ಯಾಕೇಜ್

ಇಲ್ಲಿಯವರೆಗಿನದೆಲ್ಲ ಸರಿಯಿದ್ದರೆ “ಆಪ್ಟ್ ಅಪ್‌ಡೇಟ್” ಕೊಡಿ. ಉತ್ತರದಲ್ಲಿ “ಹಿಟ್” ಮತ್ತು “ಗೆಟ್” ಎಂಬ ಸಾಲುಗಳು ಒಳ್ಳೆಯವು, “ಎರರ್” ಎಂದು ಆರಂಭವಾಗುವುದು ಕೆಟ್ಟದ್ದು. ಓದಬೇಕಾದದ್ದು ಮೊದಲ ದೋಷದ ಸಾಲನ್ನು. ನಮ್ಮ ಕಣ್ಣು ಸಹಜವಾಗಿ ಕೊನೆಯ ಸಾಲಿಗೆ ಹೋಗುತ್ತದೆ, ಆದರೆ ಕೊನೆಯ ಹತ್ತು ಸಾಲುಗಳು ಮೊದಲನೆಯದರ ಪರಿಣಾಮ ಮಾತ್ರ.

ನೆಟ್‌ವರ್ಕ್ ಇಲ್ಲದೆಯೇ ಇನ್‌ಸ್ಟಾಲ್ ಮುಗಿಸಿದವರ ಯಂತ್ರದಲ್ಲಿ “/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್” ಕಡತ ಖಾಲಿಯಿರಬಹುದು, ಅಥವಾ “ಸಿಡಿರೋಮ್” ಎಂಬ ಸಾಲು ಮಾತ್ರ ಇರಬಹುದು. ಆ ಸಾಲಿನ ಆರಂಭದಲ್ಲಿ # ಚಿಹ್ನೆ ಹಾಕಿ, ಡೆಬಿಯನ್ 12ಕ್ಕೆ ಬೇಕಾದ ಮೂರು ಸಾಲುಗಳನ್ನು ಬರೆಯಿರಿ: “ಬುಕ್‌ವರ್ಮ್”, “ಬುಕ್‌ವರ್ಮ್-ಅಪ್‌ಡೇಟ್ಸ್”, “ಬುಕ್‌ವರ್ಮ್-ಸೆಕ್ಯುರಿಟಿ”. ಮೊದಲೆರಡಕ್ಕೆ ವಿಳಾಸ ಡೆಬ್.ಡೆಬಿಯನ್.ಆರ್ಗ್/ಡೆಬಿಯನ್, ಮೂರನೆಯದಕ್ಕೆ ಸೆಕ್ಯುರಿಟಿ.ಡೆಬಿಯನ್.ಆರ್ಗ್/ಡೆಬಿಯನ್-ಸೆಕ್ಯುರಿಟಿ. ಪ್ರತಿ ಸಾಲಿನ ಕೊನೆಗೆ “ಮೇನ್” ಮತ್ತು “ನಾನ್-ಫ್ರೀ-ಫರ್ಮ್‌ವೇರ್” ಇರಲಿ. ಡೆಬಿಯನ್ 10ರವರೆಗೆ ಮೂರನೆಯ ಸಾಲನ್ನು “ಬಸ್ಟರ್/ಅಪ್‌ಡೇಟ್ಸ್” ಎಂಬ ಮಾದರಿಯಲ್ಲಿ ಬರೆಯುತ್ತಿದ್ದರು. ಹಳೆಯ ಲೇಖನದಿಂದ ನಕಲು ಮಾಡಿದವರಿಗೆ ‘ರಿಲೀಸ್ ಕಡತವಿಲ್ಲ’ ಎಂಬ ದೂರು ಬರುವುದು ಇದರಿಂದ.

ಬುಕ್‌ವರ್ಮ್ ಎಂಬಂಥ ಸಾಂಕೇತಿಕ ಹೆಸರಿನ ಬದಲು “ಸ್ಟೇಬಲ್” ಎಂದು ಬರೆಯಬೇಡಿ. 2025ರ ಆಗಸ್ಟ್ 9ರಂದು ಡೆಬಿಯನ್ 13 (ಟ್ರಿಕ್ಸಿ) ಬಿಡುಗಡೆಯಾದ ದಿನ ಆ ಪದದ ಅರ್ಥವೇ ಬದಲಾಯಿತು. ಹಾಗೆ ಬರೆದಿದ್ದವರ ಸರ್ವರ್ ಎರಡು ತಲೆಮಾರಿನ ಪ್ಯಾಕೇಜುಗಳನ್ನು ಒಟ್ಟಿಗೆ ಎಳೆದುಕೊಳ್ಳಲು ಹೊರಡುತ್ತದೆ, ಮತ್ತು “ಅನ್‌ಮೆಟ್ ಡಿಪೆಂಡೆನ್ಸೀಸ್” ಎಂಬ ಉದ್ದನೆಯ ಪಟ್ಟಿ ಬೀಳುತ್ತದೆ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ಗೆಂದು ಬರೆದ ಸೂಚನೆಯಿಂದ ರೆಪಾಸಿಟರಿ ಸೇರಿಸಿದರೂ ಫಲ ಇದೇ. ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿನ ಒಳಗಿನ ಪ್ರತಿ ಕಡತವನ್ನೂ ತೆರೆದು, ಎಲ್ಲೆಡೆ ಒಂದೇ ಸಾಂಕೇತಿಕ ಹೆಸರಿದೆಯೇ ನೋಡಿ. “ನೋ_ಪಬ್‌ಕೀ” ಎಂಬ ಸೂಚನೆ ಬಂದರೆ ಆ ಒಂದು ರೆಪಾಸಿಟರಿಯ ಕೀಲಿ ನಿಮ್ಮಲ್ಲಿಲ್ಲ ಎಂದರ್ಥ. ಆ ರೆಪಾಸಿಟರಿ ನಿಜಕ್ಕೂ ಬೇಕೇ ಎಂದು ಮೊದಲು ಕೇಳಿಕೊಳ್ಳಿ; ಬೇಕಾದರೆ ಅದರ ಪ್ರಕಾಶಕರಿಂದಲೇ ಕೀಲಿ ಪಡೆದು “/ಇಟಿಸಿ/ಆಪ್ಟ್/ಕೀರಿಂಗ್ಸ್” ಒಳಗೆ ಇಟ್ಟು, ರೆಪಾಸಿಟರಿಯ ಸಾಲಿನಲ್ಲಿ ಅದರ ಹೆಸರು ಹೇಳಿ. ಸಹಿಯ ಪರಿಶೀಲನೆಯನ್ನೇ ನಿಲ್ಲಿಸುವ ಸಲಹೆಯನ್ನು ಯಾರು ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ. “ಹ್ಯಾಶ್ ಸಮ್ ಮಿಸ್‌ಮ್ಯಾಚ್” ಎಂದರೆ ಇಳಿದ ಪಟ್ಟಿ ಕೆಟ್ಟಿದೆ. “/ವಾರ್/ಲಿಬ್/ಆಪ್ಟ್/ಲಿಸ್ಟ್ಸ್” ಒಳಗಿನದನ್ನು ಅಳಿಸಿ ಮತ್ತೆ ಅಪ್‌ಡೇಟ್ ಮಾಡಿದರೆ ಸಾಕು.

ಬೀಗದ ದೂರು ಬೇರೆ ಬಗೆಯದು. “ಕುಡ್ ನಾಟ್ ಗೆಟ್ ಲಾಕ್” ಎಂದು ಬಂದು ಪಕ್ಕದಲ್ಲಿ “ಅನ್‌ಅಟೆಂಡೆಡ್-ಅಪ್‌ಗ್ರ” ಎಂಬ ತುಂಡು ಹೆಸರು ಕಂಡರೆ, ಸ್ವಯಂಚಾಲಿತ ನವೀಕರಣ ನಡೆಯುತ್ತಿದೆ. ಚಹಾ ಕುಡಿದು ಬನ್ನಿ. ಬೀಗದ ಕಡತವನ್ನು ಅಳಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಆದರೆ ಒಳಗೆ ಒಬ್ಬ ಕೆಲಸ ಮಾಡುತ್ತಿರುವಾಗ ಬೀಗ ಒಡೆದು ಇನ್ನೊಬ್ಬನನ್ನು ನುಗ್ಗಿಸಿದರೆ ಪ್ಯಾಕೇಜುಗಳ ಲೆಕ್ಕಪುಸ್ತಕವೇ ಕೆಡಬಹುದು. ಇನ್‌ಸ್ಟಾಲ್ ನಡುವೆ ಕರೆಂಟು ಹೋಗಿದ್ದರೆ “ಡಿಪಿಕೆಜಿ --ಕಾನ್ಫಿಗರ್ -ಎ”, ಆಮೇಲೆ “ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್”, ಈ ಕ್ರಮದಲ್ಲೇ ಕೊಡಿ. ಬೇಸಿಗೆಯ ಲೋಡ್ ಶೆಡ್ಡಿಂಗ್ ಇರುವ ಊರುಗಳಲ್ಲಿ ಒಂದು ಸಣ್ಣ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.

“ಎಲ್‌ಡಿಕಾನ್ಫಿಗ್ ನಾಟ್ ಫೌಂಡ್ ಇನ್ ಪಾತ್” ಎಂದು ಬಂದರೆ ಯಾವ ಪ್ಯಾಕೇಜೂ ಕಳೆದುಹೋಗಿಲ್ಲ. “ಎಸ್‌ಯು” ಎಂದು ರೂಟ್ ಆಗಿದ್ದೀರಿ, “ಎಸ್‌ಯು -” ಎಂದು ಗೆರೆ ಸೇರಿಸಿ ಆಗಬೇಕಿತ್ತು. “ನೋ ಸ್ಪೇಸ್ ಲೆಫ್ಟ್” ಎಂದು ಬಂದರೆ “ಡಿಎಫ್ -ಎಚ್” ನೋಡಿ, “ಆಪ್ಟ್ ಕ್ಲೀನ್” ಕೊಡಿ. “ರೀಡ್-ಓನ್ಲಿ ಫೈಲ್ ಸಿಸ್ಟಂ” ಎಂದರೆ ಮಾತ್ರ ಎದ್ದು ನಿಲ್ಲಿ. ವ್ಯವಸ್ಥೆ ಇರುವ ಡಿಸ್ಕ್ ಅಥವಾ ಪೆನ್‌ಡ್ರೈವ್ ಸಾಯುತ್ತಿರಬಹುದು, ಅದನ್ನು ಆದೇಶಗಳಿಂದ ಬದುಕಿಸಲಾಗದು.

ಡೆಬಿಯನ್ ಮೇಲೆ ಆಮೇಲೆ ಸೇರಿಸುವವರಿಗೆ

ಐಎಸ್ಒ ಬದಲು, ಮೊದಲೇ ಇರುವ ಡೆಬಿಯನ್ ಅಥವಾ ರಾಸ್ಪ್‌ಬೆರಿ ಪೈ ಓಎಸ್ ಮೇಲೆ ಸ್ಕ್ರಿಪ್ಟ್ ಮೂಲಕ ಓಪನ್‌ಮೀಡಿಯಾವಾಲ್ಟ್ ಸೇರಿಸುವವರು ಡೆಸ್ಕ್‌ಟಾಪ್ ಪರಿಸರವಿಲ್ಲದ ಲೈಟ್ ಆವೃತ್ತಿಯಿಂದಲೇ ಆರಂಭಿಸಬೇಕು. ಸ್ಕ್ರಿಪ್ಟಿನ ಕೊನೆಯ ಹಂತದಲ್ಲಿ ನೆಟ್‌ವರ್ಕ್ ಸಂರಚನೆ ಹೊಸದಾಗಿ ಬರೆಯಲ್ಪಡುವಾಗ, ಇನ್ನೊಂದು ಕಂಪ್ಯೂಟರಿನಿಂದ ಆದೇಶ ಕೊಡುವ ಎಸ್ಎಸ್ಎಚ್ ಪರದೆ ಹೆಪ್ಪುಗಟ್ಟಿದಂತೆ ನಿಲ್ಲಬಹುದು. ಆಗ ಪ್ಲಗ್ ಕೀಳದೆ ಕಾಯಿರಿ. ಯಂತ್ರ ಮತ್ತೆ ಎದ್ದಾಗ ರೂಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟಿರಬಹುದು. ರೂಟರಿನ ಪುಟದಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿ ನೋಡಿ.

ಬ್ರೌಸರಿನಲ್ಲಿ ತೆರೆಯುವಾಗ

ಓಪನ್‌ಮೀಡಿಯಾವಾಲ್ಟ್‌ನ ನಿರ್ವಹಣಾ ಪುಟವನ್ನು ಇನ್ನೊಂದು ಕಂಪ್ಯೂಟರಿನಿಂದ ತೆರೆಯಲು, ಸರ್ವರಿನ ವಿಳಾಸದ ಆರಂಭದಲ್ಲಿ “ಎಚ್‌ಟಿಟಿಪಿ://” ಎಂದೇ ಟೈಪ್ ಮಾಡಿ. ಈಗಿನ ಬ್ರೌಸರುಗಳು ತಾವಾಗಿಯೇ ಎಚ್‌ಟಿಟಿಪಿಎಸ್‌ಗೆ ಹಾರುವುದರಿಂದ, ಸರ್ವರ್ ಸರಿಯಿದ್ದರೂ ‘ಸಂಪರ್ಕ ನಿರಾಕರಿಸಲಾಗಿದೆ’ ಎಂದು ಬರುತ್ತದೆ. ಫೋನಿನಿಂದ ಮಾತ್ರ ತೆರೆಯದಿದ್ದರೆ, ಫೋನ್ ಗೆಸ್ಟ್ ವೈಫೈಯಲ್ಲಿ ಇದೆಯೇ ನೋಡಿ. ಆರಂಭದ ಬಳಕೆದಾರ ಹೆಸರು “ಅಡ್ಮಿನ್”, ಪಾಸ್‌ವರ್ಡ್ “ಓಪನ್‌ಮೀಡಿಯಾವಾಲ್ಟ್”. ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಯಾವ ಬದಲಾವಣೆ ಮಾಡಿದರೂ ಮೇಲ್ಭಾಗದಲ್ಲಿ ಬರುವ ಹಳದಿ ಪಟ್ಟಿಯ ಟಿಕ್ ಗುರುತನ್ನು ಒತ್ತುವವರೆಗೆ ಅದು ಜಾರಿಗೆ ಬರುವುದಿಲ್ಲ. ನವೀಕರಣದ ನಂತರ ಪುಟ ಅಸ್ತವ್ಯಸ್ತವಾಗಿ ಕಂಡರೆ ಕಂಟ್ರೋಲ್, ಶಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ.

ನವೀಕರಣ ಒಂದೂ ದೋಷವಿಲ್ಲದೆ ಮುಗಿದ ಮೇಲೆ ಯಂತ್ರವನ್ನು ಪೂರ್ತಿ ಆರಿಸಿ, ಆರಂಭದಲ್ಲಿ ಬಿಚ್ಚಿಟ್ಟ ಡಿಸ್ಕ್‌ಗಳನ್ನು ಜೋಡಿಸಿ. ಅವುಗಳಲ್ಲಿ ಈಗಾಗಲೇ ಫೋಟೊಗಳಿದ್ದರೆ, ಫೈಲ್ ಸಿಸ್ಟಮ್ಸ್ ಪುಟದಲ್ಲಿ ಹೊಸದಾಗಿ ಸೃಷ್ಟಿಸುವ ಗುಂಡಿಯನ್ನು ಮುಟ್ಟದೆ, ಇರುವುದನ್ನು ಮೌಂಟ್ ಮಾಡುವ (ಅಳಿಸದೆ ಹಾಗೆಯೇ ಬಳಕೆಗೆ ತರುವ) ಗುಂಡಿಯನ್ನೇ ಒತ್ತಿ.